ಚಪ್ಪಲಿ ಬಿಡುವ ಜಾಗ

ಸಾಯುವವರನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸಲು ನಮ್ಮನ್ನು ಪುಣೆಯ ಧನಕವಡಿಯ ಒಂದು ಮಂಗಲ ಕಾರ್ಯಾಲಯಕ್ಕೆ ಕರೆದಿದ್ದರು. ಹಿಂದಿನ ದಿನ ಅಲ್ಲಿ ಯಾರದೋ ಲಗ್ನ ನಡೆದಿತ್ತು. ವೇದಿಕೆಯ ಗೋಡೆಯ ಮೇಲೆ ಥರ್ಮೋಕೋಲಿನ ಎರಡು ಹೃದಯಗಳು, ಎರಡನ್ನೂ ತೂರಿದ ಒಂದು ಬಾಣ ಹಾಗೆಯೇ ಉಳಿದಿದ್ದವು. ಅವುಗಳ ಮುಂದೆ ಬಿಳಿ ಪರದೆ ಇಳಿಬಿಟ್ಟು ಪಾಠ ತೋರಿಸುತ್ತಿದ್ದರು. ಪರದೆ ಅಗಲ ಸಾಲದೆ ಬಾಣದ ತುದಿ ಹೊರಗೆ ಇಣುಕುತ್ತಿತ್ತು. ವಾಸಿಯಾಗದ ಕಾಯಿಲೆಯವರ ನೋವು, ಸಂಕಟಗಳನ್ನು ಕಡಿಮೆ ಮಾಡುವ ಈ ವಿದ್ಯೆಯನ್ನು ನಮ್ಮಂಥ ಓಣಿಯ ಡಾಕ್ಟರುಗಳ ತಲೆಗೆ ಕೆಲವೇ ಭಾನುವಾರಗಳಲ್ಲಿ ತುಂಬಿಬಿಡುವುದಾಗಿ ಒಂದು ದೊಡ್ಡ ಆಸ್ಪತ್ರೆಯವರು ಹೊಣೆ ಹೊತ್ತಿದ್ದರು.

ದೊಡ್ಡ ಆಸ್ಪತ್ರೆಗಳ ಉದಾರತನ ನನಗೆ ಹೊಸದಲ್ಲ. ರೋಗಿಯಲ್ಲಿ ಕೊಯ್ಯಲು ಏನಾದರೂ ಉಳಿದಿರುವ ತನಕ ಅವನು ಅವರವನು. ಏನೂ ಉಳಿಯದಾದಾಗ "ಇನ್ನು ಮನೆಯಲ್ಲೇ ನೋಡಿಕೊಳ್ಳಿ, ನಿಮ್ಮ ಫ್ಯಾಮಿಲಿ ಡಾಕ್ಟರು ಇದ್ದಾರಲ್ಲ" ಎಂದು ಬಾಗಿಲ ತನಕ ಬಂದು ಬೀಳ್ಕೊಡುತ್ತಾರೆ. ರಸ ಅವರಿಗೆ, ಕಬ್ಬಿನ ಸಿಪ್ಪೆ ನಮ್ಮ ಅಂಗಳಕ್ಕೆ. ಈಗ ಆ ಸಿಪ್ಪೆಯನ್ನು ಗೌರವದಿಂದ ಗುಡಿಸುವುದು ಹೇಗೆಂದು ಕಲಿಸಲು ಬಂದಿದ್ದರು.

ಕಲಿಯಲು ಬಂದವರೂ ಏನು ಕಡಿಮೆಯವರಲ್ಲ. ಡಾಕ್ಟರುಗಳು ಲೈಸೆನ್ಸು ಮುಂದುವರಿಸಿಕೊಳ್ಳಲು ಆಗಾಗ ಇಂಥ ಕಡೆ ಕೂತು ಪಾಯಿಂಟು ಗಳಿಸಬೇಕು. ಆದ್ದರಿಂದ ಬಾಗಿಲಲ್ಲಿ ಸಹಿ ಹಾಕುವಾಗ ಇದ್ದ ನೂಕುನುಗ್ಗಲು ಒಳಗಿನ ಕುರ್ಚಿಗಳಲ್ಲಿ ಇರಲಿಲ್ಲ. ಅರ್ಧ ಜನ ಸಹಿ ಹಾಕಿ ಹಿಂಬಾಗಿಲಿನಿಂದ ಮನೆಗೆ ಹೋಗಿ ಊಟದ ಹೊತ್ತಿಗೆ ಸರಿಯಾಗಿ ಹೊಟ್ಟೆ ಸಮೇತ ಹಾಜರಾದರು. ನಮ್ಮ ಸಂಘದ ಹಿರಿಯರೊಬ್ಬರು ಮಾತ್ರ ಮುಂದಿನ ಸಾಲಿನಲ್ಲೇ ಕೂತಿದ್ದರು. ಮರಾಠಿಯವರು, ಯಾವ ರೋಗ ಬಂದರೂ ಸಲೈನ್ ಬಾಟಲಿ ತೂಗುಹಾಕುವುದರಲ್ಲಿ ಇಡೀ ಬಿಬವೇವಾಡಿಯಲ್ಲಿ ಹೆಸರು ಮಾಡಿದವರು. ನನ್ನನ್ನು ನೋಡಿ "ಯಾ ಮ್ಯಾಡಮ್, ಪಾಯಿಂಟ್ ಆಣಿ ಪನೀರ್, ದೋನ್ಹೀ ಫುಕಟ್!" ಎಂದರು. ಎರಡೂ ಪುಕ್ಕಟೆ ಎಂಬ ಸಂತೋಷ ಅವರ ಮುಖದ ತುಂಬ ಇತ್ತು.

ನಾನು ಹೋದದ್ದು ಪಾಯಿಂಟಿಗೂ ಅಲ್ಲ, ಪನೀರಿಗೂ ಅಲ್ಲ. ನನ್ನ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕ ಅಂಗಾತ ಮಲಗಲಾರದೆ ಕೂತೇ ಇದ್ದ. ಅವನನ್ನು ಮಲಗಿಸುವ ಉಪಾಯ ನನಗೆ ತಿಳಿದಿರಲಿಲ್ಲ. ಅದಕ್ಕಾಗಿ ಹೋಗಿದ್ದೆ.

ಆತ ವಿಜಯಪುರದ ಕಡೆಯ ಲಿಂಗವಂತ ವ್ಯಾಪಾರಿ. ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಸೀರೆ ಅಂಗಡಿ ಇಟ್ಟು ಬೆಳೆಸಿದವರು. ಎಲ್ಲರೂ ಸಾವಕಾರರೆಂದೇ ಕರೆಯುತ್ತಿದ್ದರು. ಅವರೇನು ಸಾಧು ಮನುಷ್ಯರಲ್ಲ. ಬಾಯಿ ದೊಡ್ಡದು, ಜಂಬ ಅದಕ್ಕಿಂತ ದೊಡ್ಡದು. ನನ್ನ ಕ್ಲಿನಿಕ್ಕಿಗೆ ಬಂದರೆ ಸರತಿ ಬಿಟ್ಟು ಒಳಗೆ ನುಗ್ಗಿ, ನನ್ನ ಸೀರೆಯ ಸೆರಗು ಹಿಡಿದು ನೋಡಿ, "ಇದಕ್ಕ ಎಷ್ಟ ಕೊಟ್ರಿ? ಮೋಸ ಹೋದ್ರಿ ನೀವು" ಎನ್ನುತ್ತಿದ್ದರು. ಎಷ್ಟೋ ಸಲ ನನಗೆ ಅವರನ್ನು ಹೊರಗೆ ಹಾಕಬೇಕೆನ್ನಿಸಿದ್ದಿದೆ.

ಅಂಥವರಿಗೆ ಮೇದೋಜೀರಕದಲ್ಲಿ ಕ್ಯಾನ್ಸರು ಹುಟ್ಟಿ ಬೆನ್ನಿನ ತನಕ ಬೇರು ಬಿಟ್ಟಿತ್ತು. ದೊಡ್ಡ ಆಸ್ಪತ್ರೆಯವರು ಹೊಟ್ಟೆ ತೆರೆದು, ನೋಡಿ, ಮುಚ್ಚಿ, ಮನೆಗೆ ಕಳಿಸಿದರು. ಆ ರೋಗದ ನೋವು ಬೆನ್ನು ನೆಲಕ್ಕೆ ತಾಗಿದರೆ ಕೆರಳುತ್ತದೆ, ಮುಂದಕ್ಕೆ ಬಾಗಿದರೆ ಸ್ವಲ್ಪ ತಾಳಬಹುದು. ಆದ್ದರಿಂದ ಅವರು ಮಂಚದ ಮೇಲೆ ಕೂತು, ಅಂಗಡಿಯಿಂದ ತರಿಸಿದ ಸೀರೆಯ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಬೋರಲಾಗಿ ಹಗಲೂ ರಾತ್ರಿ ಕಳೆಯುತ್ತಿದ್ದರು. ನಾನು ಹೋದಾಗಲೆಲ್ಲ ಒಂದೇ ಮಾತು: "ಡಾಕ್ಟರಬಾಯಾರ, ಒಮ್ಮೆ ಅಂಗಾತ ಮಲಗಬೇಕ್ರಿ. ಮತ್ತೇನೂ ಬ್ಯಾಡ."

ಮನೆಯವರು ಅವರಿಗೆ ಹೊಟ್ಟೆಯಲ್ಲಿ ಹುಣ್ಣು ಎಂದು ಹೇಳಿದ್ದರು. ಮಗ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಮ್ಯಾನೇಜರು. ಕಾರ್ಖಾನೆಯ ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಅಂಥ ಮಾತುಗಳನ್ನೇ ಮನೆಯಲ್ಲೂ ಆಡುವವನು. "ಅಪ್ಪಾರ ಮುಂದ ನೆಗೆಟಿವ್ ಮಾತಾಡಬ್ಯಾಡ್ರಿ ಮೇಡಂ. ಪಾಸಿಟಿವ್ ಇದ್ರ ಬಾಡಿ ತಾನ ಫೈಟ್ ಮಾಡತದ." ಬಾಡಿಯ ಒಳಗೆ ಫೈಟ್ ಮುಗಿದು ಯಾರು ಗೆದ್ದರೆಂಬುದೂ ತೀರ್ಮಾನವಾಗಿತ್ತು. ಅದನ್ನು ಅವನಿಗೆ ಹೇಳಿ ನನ್ನ ಬಾಯಿ ದಣಿದಿತ್ತು.

ಎಲ್ಲಿ ಹೇಳಿದ್ದೆ? ಚಪ್ಪಲಿ ಬಿಡುವ ಜಾಗದಲ್ಲಿ. ನಮ್ಮ ಕಸುಬಿನಲ್ಲಿ ಖರೆ ಮಾತಿಗೆ ಇರುವುದು ಅದೊಂದೇ ಜಾಗ. ಒಳಗೆ ರೋಗಿಯ ಹತ್ತಿರ ಕೂತು, ನಾಡಿ ಹಿಡಿದು, "ಆರಾಮ ಆಗ್ತೀರಿ, ಎಳನೀರು ಕುಡೀರಿ" ಎಂದು ಹೇಳುತ್ತೇವೆ. ಆಮೇಲೆ ಎದ್ದು ಬರುತ್ತೇವೆ. ಮನೆಯವರು ಹಿಂದೆಯೇ ಬಂದು, ಒಳಗೆ ಕೇಳದಿರಲೆಂದು ಬಾಗಿಲನ್ನು ಅರ್ಧ ಮುಂದೆ ಮಾಡುತ್ತಾರೆ. ನಾವು ಒಂದು ಕಾಲು ಚಪ್ಪಲಿಯೊಳಗೆ, ಇನ್ನೊಂದು ಕಾಲು ಹೊರಗೆ ಇಟ್ಟುಕೊಂಡು, ದನಿ ತಗ್ಗಿಸಿ, ಇನ್ನು ಹೆಚ್ಚು ದಿನ ಇಲ್ಲ ಎನ್ನುತ್ತೇವೆ. ಅವರು ಅಲ್ಲೇ ಶೂ ರ್‍ಯಾಕು ಹಿಡಿದು ಅಳುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ನಗುಮುಖ ಮಾಡಿಕೊಂಡು ಒಳಗೆ ಹೋಗುತ್ತಾರೆ. ಪುಣೆಯಲ್ಲಿ ಎಷ್ಟು ಮನೆಗಳ ಸಾವನ್ನು ನಾನು ಪಾದರಕ್ಷೆಗಳ ಸಾಕ್ಷಿಯಲ್ಲಿ ಘೋಷಿಸಿದ್ದೇನೋ! ಎಲ್ಲ ಡಾಕ್ಟರುಗಳೂ ಹಾಗೆಯೇ ಮಾಡುತ್ತಾರೆ. ನನಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ತರಬೇತಿ ಕೊಡಲು ಬಂದದ್ದು ಆ ದೊಡ್ಡ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದ, ಬೆಂಗಳೂರಿನ ಕಡೆಯ ಒಬ್ಬ ಹುಡುಗಿ. ಡಾಕ್ಟರೇ, ಆದರೆ ನನ್ನ ಕಣ್ಣಿಗೆ ಹುಡುಗಿ. ಪರದೆಯ ಮೇಲೆ ಅವಳು ತೋರಿಸಿದ ಚಿತ್ರಗಳಲ್ಲಿ ಸಾಯುವವರೆಲ್ಲ ಬಿಳಿಯ ಜನ, ಬಿಳಿಯ ಹಾಸಿಗೆ, ಕಿಟಕಿಯಾಚೆ ಮುಳುಗುವ ಸೂರ್ಯ. ನಮ್ಮ ರೋಗಿಗಳ ಕಿಟಕಿಯಾಚೆ ಪಕ್ಕದ ಸೊಸಾಯಟಿಯ ಬಚ್ಚಲ ಪೈಪು ಇರುತ್ತದೆ. ರೋಗಿಗೆ ಕೆಟ್ಟ ಸುದ್ದಿ ಹೇಳುವಾಗ ಕೋಣೆಯಲ್ಲಿ ಏಕಾಂತ ಇರಬೇಕು, ಅವರ ಕಣ್ಣಿನ ಎತ್ತರಕ್ಕೆ ಸಮನಾಗಿ ಕೂರಬೇಕು, ಕೈಗೆಟಕುವ ಹಾಗೆ ಟಿಶ್ಯೂ ಪೇಪರಿನ ಡಬ್ಬಿ ಇಡಬೇಕು ಎಂದಳು. ನಾನು ಸಾವಕಾರರ ಮನೆಯನ್ನು ನೆನೆಸಿಕೊಂಡೆ. ಟಿ.ವಿ. ಹಚ್ಚಿರುತ್ತದೆ. ಸಮಾಚಾರ ಕೇಳಲು ಬಂದ ಬೀಗರು ಅವಲಕ್ಕಿ ತಿನ್ನುತ್ತಿರುತ್ತಾರೆ. ಕಣ್ಣೀರಿಗೆ ಸೆರಗು ಇದೆ. ಏಕಾಂತವನ್ನು ಎಲ್ಲಿಂದ ತರುವುದು, ಮೆಡಿಕಲ್ ಸ್ಟೋರಿನಿಂದಲೇ?

ಆಮೇಲೆ ನಾಟಕವಾಡಿಸಿದರು. ಹುಡುಗಿ ಡಾಕ್ಟರು, ನಮ್ಮ ಸಲೈನ್ ಹಿರಿಯರು ರೋಗಿ. ಅವರು ಕುರ್ಚಿಯಲ್ಲಿ ಒರಗಿ, ಎದೆ ಹಿಡಿದುಕೊಂಡು, "ಡಾಕ್ಟರ್, ಮೈ ಬಚೂಂಗಾ ನಾ?" ನಾನು ಉಳಿಯುತ್ತೇನೆ ತಾನೆ, ಎಂದು ನರಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ಸಮಾಧಾನದಿಂದ ಹಿಂದಿಯಲ್ಲಿ, "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ಗೊತ್ತಿದೆ?" ಎಂದು ಕೇಳಿದಳು. ಅದಕ್ಕೆ ಅವರು, "ಮಾಝ್ಯಾ ಬಾಯಕೋಲಾ ವಿಚಾರಾ," ಹೆಂಡತಿಯನ್ನು ಕೇಳಿ, ಎಂದರು. ಮತ್ತೆ ನಗು. ಅಷ್ಟೊಂದು ಸಾವುಗಳನ್ನು ಕಂಡವರೆಲ್ಲ ಒಂದೆಡೆ ಸೇರಿ ಸಾವನ್ನು ಹೀಗೆ ಗೇಲಿ ಮಾಡುವುದನ್ನು ನೋಡಿ ನನಗೆ ಹೇಸಿಗೆ ಎನಿಸಿತು. ಹುಡುಗಿಯದು ಕೋಣನ ಮುಂದೆ ಕಿನ್ನರಿ. ಕೋಣಗಳು ಮಾತ್ರ ಒಳ್ಳೆಯ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದವು.

ಚಹದ ಹೊತ್ತಿನಲ್ಲಿ ನಾನಾಗಿಯೇ ಅವಳ ಹತ್ತಿರ ಹೋದೆ. ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವಳ ಮುಖ ಅರಳಿತು. "ಅಯ್ಯೋ, ನೀವು ಕನ್ನಡದವ್ರಾ ಮೇಡಂ? ಎಷ್ಟ್ ಖುಷಿ ಆಯ್ತು ಗೊತ್ತಾ!" ಎಂದಳು. ನಾನು ಖುಷಿಗೆ ಬಂದಿರಲಿಲ್ಲ. ಸಾವಕಾರರ ವಿಷಯ ಹೇಳಿದೆ. ನಾನು ಕೊಡುತ್ತಿದ್ದ ನೋವಿನ ಗುಳಿಗೆಗಳ ಹೆಸರು ಹೇಳಿದಾಗ ಅವಳು ಚಹದ ಲೋಟ ಕೆಳಗಿಟ್ಟಳು.

"ಇದು ಅದಕ್ಕೆಲ್ಲ ಬಗ್ಗೋ ನೋವಲ್ಲ ಮೇಡಂ. ಮಾರ್ಫಿನ್ ಶುರು ಮಾಡ್ಬೇಕು. ಮಾತ್ರೇಲೇ ಸಿಗುತ್ತೆ. ನೋವು ಬಂದ್ಮೇಲೆ ಕೊಡೋದಲ್ಲ, ಗಡಿಯಾರ ನೋಡ್ಕೊಂಡು ಕೊಡ್ಬೇಕು. ನಾಲ್ಕು ಗಂಟೆಗೊಂದ್ಸಲ. ನೋವು ವಾಪಸ್ ಬರೋಕೇ ಬಿಡ್ಬಾರ್ದು. ಚಟ ಗಿಟ ಏನೂ ಆಗಲ್ಲ. ಮಲಬದ್ಧತೆ ಆಗುತ್ತೆ, ಅದಕ್ಕೊಂದು ಔಷಧಿ ಜೊತೇಲೇ ಕೊಡಿ. ಅವ್ರು ಮಲಗ್ತಾರೆ ಮೇಡಂ, ಆರಾಮಾಗಿ ಮಲಗ್ತಾರೆ."

ಇಡೀ ದಿನದಲ್ಲಿ ಅವಳಾಡಿದ ಕೆಲಸದ ಮಾತು ಅದೊಂದು. ಅದನ್ನು ಚಹದ ಮೇಜಿನ ಹತ್ತಿರ ಆಡಿದಳು, ವೇದಿಕೆಯ ಮೇಲಲ್ಲ.

"ಮತ್ತ ಮನಿಯವರು ರೋಗಿಗೆ ಹೇಳಬ್ಯಾಡ್ರಿ ಅಂದ್ರ ಏನ್ ಮಾಡಬೇಕವ್ವಾ?" ಎಂದು ಕೇಳಿದೆ.

"ಅದಕ್ಕೆ ಒಂದು ಸ್ಲೈಡ್ ಇದೆ ಮೇಡಂ," ಎಂದಳು, "ಕೊನೇ ಸಂಡೇ ಬರುತ್ತೆ."

ಸಾವಕಾರರು ಕೊನೆಯ ಸಂಡೇ ತನಕ ಕಾಯುವ ಹಾಗಿರಲಿಲ್ಲ. ಮಾರ್ಫಿನ್ ಮೂಲೆಯ ಮೆಡಿಕಲ್ಲಿನಲ್ಲಿ ಸಿಗುವ ವಸ್ತುವಲ್ಲ, ಪರವಾನಗಿ ಇರುವ ಆಸ್ಪತ್ರೆಯಿಂದಲೇ ತರಬೇಕು. ಆ ಹುಡುಗಿಯೇ ತನ್ನ ಆಸ್ಪತ್ರೆಯಲ್ಲಿ ಹೇಳಿ ವ್ಯವಸ್ಥೆ ಮಾಡಿಕೊಟ್ಟಳು. ಮಗ ಹೋಗಿ ಗುಳಿಗೆ ತಂದ. ತರುವ ಮೊದಲು ಬಾಗಿಲಲ್ಲಿ ನನ್ನ ಜೊತೆ ಒಂದು ಜಗಳ ಆಡಿದ. "ಅಫೀಮು ಅಲ್ರೀ ಮೇಡಂ ಅದು? ಅಪ್ಪಾರು ಅದಕ್ಕ ಹತ್ತಿಬಿಟ್ರ?" ಎಂದ. ಸಾಯುವ ಮನುಷ್ಯ ಚಟ ಹತ್ತಿಸಿಕೊಂಡು ಎಲ್ಲಿಗೆ ಹೋಗುತ್ತಾನೆ, ಯಾರ ಮನೆಯ ಮಾನ ಕಳೆಯುತ್ತಾನೆ ಎಂದು ಕೇಳಿದೆ. ಅವನು ನಾನು ಬರೆದ ಚೀಟಿ ತೆಗೆದುಕೊಂಡು ಹೊರಟ. ಗುಳಿಗೆ ಕೊಡುವ ಹೊತ್ತುಗಳನ್ನು ಅವನ ತಾಯಿಗೆ ಬಿಡಿಸಿ ಹೇಳಿದೆ. ಆಕೆ ಎರಡು ಸಲ ನನ್ನಿಂದ ಕೇಳಿಕೊಂಡು, ಒಂದು ಸಲ ನನಗೇ ಒಪ್ಪಿಸಿದಳು. ಹೇಳುವುದರಲ್ಲಿ ಒಂದು ಹೊತ್ತೂ ತಪ್ಪಾಗಲಿಲ್ಲ.

ಆ ಮನೆಯನ್ನು ಬಲ್ಲ ನನಗೆ ಆಗಲೇ ಹೊಳೆಯಬೇಕಿತ್ತು. ಅಲ್ಲಿ ಸೋಫಾಕ್ಕೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕು ಹಾಗೆಯೇ ಇದೆ, ಕೂತರೆ ಚರಚರ ಎನ್ನುತ್ತದೆ. ಟಿ.ವಿ.ಯ ರಿಮೋಟಿಗೂ ಪ್ಲಾಸ್ಟಿಕ್ಕಿನ ಅಂಗಿ. ಶೋಕೇಸಿನಲ್ಲಿ ಹೂವಿನ ಚಿತ್ರದ ಕಪ್ಪುಗಳು, ತಳದಲ್ಲಿ ಬೆಲೆಯ ಚೀಟಿ ಸಮೇತ. ನನಗೆ ಚಹ ಬರುತ್ತಿದ್ದುದು ಕಿವಿ ಮುರಿದ ಕಪ್ಪಿನಲ್ಲಿ. ಸೀರೆ ಮಾರಿ ಬದುಕಿದ ಮನೆಯ ಯಜಮಾನಿ ಸವೆದ ಸೀರೆ ಉಟ್ಟು ಓಡಾಡುತ್ತಿದ್ದಳು. ಒಳ್ಳೆಯವೆಲ್ಲ ಟ್ರಂಕಿನಲ್ಲಿ. ಕೇಳಿದರೆ, "ಇರಲಿ ಬಿಡ್ರಿ, ಮುಂದ ಒಂದ್ ಹೊತ್ತಿಗೆ ಆಗತದ" ಎಂಬ ಉತ್ತರ. ಆ ಮುಂದಿನ ಹೊತ್ತು ಆ ಮನೆಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಕೆಲವು ದಿನ ಬಿಟ್ಟು ಹೋದೆ. ಸಾವಕಾರರು ಮಲಗಿರುತ್ತಾರೆ, ಎಬ್ಬಿಸಬಾರದು ಎಂದುಕೊಂಡು ಮೆಟ್ಟಿಲನ್ನು ಮೆಲ್ಲಗೆ ಹತ್ತಿದ್ದೆ. ಅವರು ಕೂತಿದ್ದರು. ಅದೇ ಗಂಟು, ಅದೇ ಬೋರಲು. ಬೆನ್ನಿನ ಎಲುಬುಗಳು ಬನಿಯನ್ನಿನೊಳಗಿಂದ ಎಣಿಸುವ ಹಾಗೆ ಕಾಣುತ್ತಿದ್ದವು. ತಲೆ ಎತ್ತಲೂ ಆಗದೆ ಗಂಟಿನ ಮೇಲೆ ಕೆನ್ನೆಯಿಟ್ಟೇ ನನ್ನನ್ನು ನೋಡಿದರು. ಅಂಗಾತ ಮಲಗಬೇಕೆಂಬ ಹಳೆಯ ಮಾತನ್ನು ಈ ಸಲ ಆಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ನಾನು ನಾಡಿ ನೋಡಿ, ಬಾಯಿಗೆ ಬಂದ ಸಮಾಧಾನ ಹೇಳಿ ಎದ್ದೆ. ತಾಯಿ, ಮಗ ಇಬ್ಬರೂ ವಾಡಿಕೆಯಂತೆ ಹಿಂದೆ ಬಂದರು. ಬಾಗಿಲು ಅರ್ಧ ಮುಂದಾಯಿತು. ಹುಡುಗಿಯ ಲೆಕ್ಕ ತಪ್ಪೋ, ನನ್ನದೋ ಎಂದುಕೊಂಡು, ಗುಳಿಗೆ ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂದು ಕೇಳಿದೆ. ಆಕೆ ಮಗನ ಮುಖ ನೋಡಿದಳು.

"ಇಟ್ಟೀನ್ರಿ," ಎಂದಳು.

"ಇಟ್ಟೀನಿ ಅಂದ್ರ?"

"ದೇವರ ಜಗಲಿ ಮ್ಯಾಲೆ ಡಬ್ಬ್ಯಾಗ ಇಟ್ಟೀನ್ರಿ ಬಾಯಾರ. ಭಾಳ ಸ್ಟ್ರಾಂಗ್ ಗುಳಿಗಿ ಅಂತ ನೀವ ಹೇಳಿದ್ರಿ. ಈಗ ಹೆಂಗೋ ತಡಕೊಳ್ಳಾಕತ್ತಾರ. ಮುಂದ ಇನ್ನೂ ಜಾಸ್ತಿ ಆದ್ರ ಆವಾಗ ಏನ್ ಕೊಡೂದು? ಅದಕ್ಕ ಇರಲಿ ಅಂತ..."

ಒಂದೂ ಕೊಟ್ಟಿರಲಿಲ್ಲ. ಶೋಕೇಸಿನ ಕಪ್ಪಿನ ಹಾಗೆ, ಟ್ರಂಕಿನ ಸೀರೆಯ ಹಾಗೆ, ಗಂಡನ ನೆಮ್ಮದಿಯನ್ನೂ ಮುಂದಿನ ಒಂದು ಹೊತ್ತಿಗೆ ಎಂದು ಎತ್ತಿಟ್ಟಿದ್ದಳು. ಮಗನಿಗೆ ಇದೆಲ್ಲ ಗೊತ್ತಿತ್ತು. ಅವನೂ ಸುಮ್ಮನಿದ್ದ. "ಶುರು ಮಾಡಿದ್ರ ಅಪ್ಪಾರಿಗೆ ಡೌಟ್ ಬರತದ ಮೇಡಂ. ಹುಣ್ಣಿಗೆ ಇಷ್ಟ ದೊಡ್ಡ ಗುಳಿಗಿ ಯಾಕ ಅಂತ ಕೇಳ್ತಾರ" ಎಂದ. ಇಬ್ಬರಿಗೂ ಬೇರೆ ಬೇರೆ ಕಾರಣ, ಮುದುಕನಿಗೆ ಮಾತ್ರ ಒಂದೇ ನೋವು.

ನನ್ನ ನಾಲಿಗೆಯ ಕಡಿವಾಣ ಹರಿಯಿತು. ದನಿ ತಗ್ಗಿಸುವುದನ್ನೂ ಮರೆತೆ. ಒಂದು ಚಪ್ಪಲಿ ಹಾಕಿಕೊಂಡೇ, ನೀವು ಮನುಷ್ಯರೋ ಕಲ್ಲುಗಳೋ ಎಂದೆ. ಓದಿದ ಮಗನಿಗಿಂತ ಆ ಮಂಚದ ಕಾಲಿಗೆ ಹೆಚ್ಚು ಕರುಣೆ ಇದೆ ಎಂದೆ. ಇನ್ನೂ ಏನೇನೋ ಅಂದೆ. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಷ್ಟರಲ್ಲಿ ಒಳಗಿನಿಂದ ಸಾವಕಾರರ ದನಿ ಬಂತು. ಅಂಗಡಿಯಲ್ಲಿ ಗಿರಾಕಿಯನ್ನು ಕೂಗಿ ಕರೆಯುತ್ತಿದ್ದ ಅದೇ ದನಿ, ಬಹಳ ಸೋತಿತ್ತು.

"ಡಾಕ್ಟರಬಾಯಾರ, ಒಳಗ ಬರ್ರಿ. ಎಲ್ಲಾರೂ ಬರ್ರಿ. ಟಿ.ವಿ. ಬಂದ್ ಮಾಡ್ರಿ."

ನಾವು ಒಳಗೆ ಹೋದೆವು. ಮಗ ಟಿ.ವಿ. ಆರಿಸಿದ.

"ನಲವತ್ತ್ ವರ್ಷ ಅಂಗಡಿ ನಡಿಸೀನಿ," ಎಂದರು ಅವರು, ಕೆನ್ನೆಯನ್ನು ಗಂಟಿನಿಂದ ಎತ್ತದೆ. "ಗಾದಿ ಮ್ಯಾಲೆ ಕೂತು ಆಡೂ ರೇಟ್ ಖರೆ ರೇಟ್ ಅಲ್ಲ. ಗಿರಾಕಿ ಎದ್ದು, ಚಪ್ಪಲಿ ಮೆಟ್ಟಿ, ಒಂದ್ ಮೆಟ್ಟಲ ಇಳಿದ ಮ್ಯಾಲೆ ಬಾಯಿಂದ ಬರತದಲ್ಲ, ಅದು ಖರೆ ರೇಟ್. ನೀವು ಮದಲ ಚಪ್ಪಲಿ ಹಾಕ್ಕೊಂಡು ದಡದಡ ಇಳದ್ ಹೋಗ್ತಿದ್ರಿ. ದವಾಖಾನಿಯಿಂದ ನಾ ಬಂದ ಮ್ಯಾಲೆ ನಿಮಗ ಚಪ್ಪಲಿ ಸಿಗವೊಲ್ಲವು. ಬಂದಾಗೊಮ್ಮೆ ಅಲ್ಲೇ ನಿಂದರ್ತೀರಿ. ಚಪ್ಪಲಿ ಹಾಕ್ಕೊಳ್ಳಾಕ ಅಷ್ಟ್ ಹೊತ್ತು ಯಾರಿಗೆ ಬೇಕ್ರಿ? ನನಗ ಅವತ್ತ ತಿಳೀತು ನನ್ನ ರೇಟ್ ಏನಂತ."

ಮಗ, "ಅಪ್ಪಾರ, ಹಂಗೇನಿಲ್ಲ, ನೀವು ಪಾಸಿಟಿವ್..." ಎಂದು ಶುರು ಮಾಡಿದ. ಸಾವಕಾರರು ಅವನ ಕಡೆ ನೋಡಲಿಲ್ಲ. ಹೆಂಡತಿಗೆ ಹೇಳಿದರು:

"ನಮ್ಮ ಮಂದ್ಯಾಗ ಸತ್ತ ಮ್ಯಾಲೆ ಮಲಗಸೂದಿಲ್ಲ, ಗೊತ್ತದ ಇಲ್ಲ ನಿನಗ? ಗ್ವಾಡಿಗೆ ಆನಿಸಿ ಕೂಡಸ್ತಾರ. ಮೆರವಣಿಗ್ಯಾಗೂ ಕೂಡಿಸ್ಕೊಂಡ್ ಹೋಗ್ತಾರ. ಮಣ್ಣಾಗೂ ಕೂಡಸ್ತಾರ. ಮಲಗೂದು ಏನಿದ್ರೂ ಈಗ. ಆ ಗುಳಿಗಿ ಯಾವ ಹಬ್ಬಕ್ಕ ಇಟ್ಟಿ? ತಾ ಇಲ್ಲೆ."

ಆಕೆ ಓಡಿದಳು. ದೇವರ ಮುಂದೆ ಏನೋ ಉರುಳಿ ಬಿದ್ದ ಸದ್ದು ಕೇಳಿತು. ಡಬ್ಬಿ ತಂದು ಗುಳಿಗೆಗಳನ್ನು ನನ್ನ ಕೈಗೆ ಕೊಟ್ಟಳು. ನಾನು ಬಿಡಿಸಿ ಕೊಟ್ಟೆ. ನಾನು ಆಗ ಅವರ ಕಣ್ಣಿನ ಎತ್ತರಕ್ಕೆ ಕೂತಿರಲಿಲ್ಲ. ನೆಲದ ಮೇಲೆ, ಅವರಿಗಿಂತ ಕೆಳಗೆ ಕೂತಿದ್ದೆ, ಏಕೆಂದರೆ ಅವರ ಮುಖ ಅಲ್ಲಿಂದ ಮಾತ್ರ ಕಾಣುತ್ತಿತ್ತು. ಕೋಣೆಯಲ್ಲಿ ಏಕಾಂತವೂ ಇರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ನನ್ನ ಬಲಗಾಲಿನಲ್ಲಿ ಚಪ್ಪಲಿ ಇರುವುದನ್ನು ಕಂಡೆ. ಆ ಮನೆಯ ನಡುಮನೆಗೆ ಚಪ್ಪಲಿ ಹಾಕಿಕೊಂಡು ಹೋಗಿದ್ದೆ.

ಮೂರನೆಯ ದಿನ ಹೋದಾಗ ಸಾವಕಾರರು ಅಂಗಾತ ಮಲಗಿದ್ದರು. ಸೀರೆಯ ಗಂಟು ತಲೆಯ ಕೆಳಗಿತ್ತು. ಬಾಯಿ ಸ್ವಲ್ಪ ತೆರೆದು, ಅಂಗಡಿಯಲ್ಲಿ ಮಧ್ಯಾಹ್ನ ಗಾದಿಯ ಮೇಲೆ ಹೊಡೆಯುತ್ತಿದ್ದ ಗೊರಕೆಯನ್ನೇ ಹೊಡೆಯುತ್ತಿದ್ದರು. ಆಕೆ ಗಡಿಯಾರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಹೊತ್ತು ತಪ್ಪಬಾರದೆಂದು ಅಲ್ಲಿಂದ ಏಳುತ್ತಲೇ ಇರಲಿಲ್ಲವಂತೆ. ನನಗೆ ಆವತ್ತು ಹೂವಿನ ಚಿತ್ರದ ಕಪ್ಪಿನಲ್ಲಿ ಚಹ ಬಂತು. ತಳದ ಚೀಟಿಯನ್ನು ಉಗುರಿನಲ್ಲಿ ಕೆರೆದು ತೆಗೆದಿದ್ದರು. ನನ್ನ ಇಷ್ಟು ವರ್ಷದ ಡಾಕ್ಟರಿಕೆಯಲ್ಲಿ ಅಷ್ಟು ಸಂತೋಷ ಕೊಟ್ಟ ಗೊರಕೆ ಬೇರೆ ಇಲ್ಲ.

ಎಚ್ಚರವಿದ್ದಾಗ ಅವರು ಪೂರ್ತಿ ಎಚ್ಚರವಾಗಿಯೇ ಇರುತ್ತಿದ್ದರು, ಅಷ್ಟೇ ಕೆಟ್ಟ ಬಾಯಿಯವರೂ ಆಗಿದ್ದರು. ಒಮ್ಮೆ ನಾನು ಹೊರಟಾಗ ಮಗ ಅಭ್ಯಾಸಬಲದಿಂದ ಹಿಂದೆ ಬಂದ. ಮಂಚದ ಮೇಲಿನಿಂದಲೇ, "ಏ ಮ್ಯಾನೇಜರಾ, ಅಲ್ಲೇನ್ ಚೌಕಾಸಿ? ಇಲ್ಲಿ ಬಂದು ಮಾಡು" ಎಂದು ಕೂಗು ಬಂತು. ಮಗ ನಾಚಿ ಒಳಗೆ ಹೋದ. ನಾನು ಚಪ್ಪಲಿಗೆ ಕಾಲು ತೂರಿಸಿ, ಅವರಿಗೆ ಕೇಳಲಿ ಎಂದೇ ದಡದಡ ಸದ್ದು ಮಾಡುತ್ತ ಮೆಟ್ಟಿಲಿಳಿದೆ.

ಈ ನಡುವೆ ಕೊನೆಯ ಭಾನುವಾರ ಬಂತು. ಮನೆಯವರು ಹೇಳಬೇಡಿ ಎಂದರೆ ಏನು ಮಾಡಬೇಕೆಂಬ ಸ್ಲೈಡೂ ಬಂತು. ಅದರಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ, ಅದರ ಕೆಳಗೆ ಕೈಕೈ ಹಿಡಿದ ಒಂದು ಬಿಳಿಯ ಕುಟುಂಬ. ಹುಡುಗಿ ನನ್ನನ್ನು ಎಬ್ಬಿಸಿ ಅನುಭವ ಹೇಳಲು ಕೇಳಿದಳು. ಹೇಳಿದೆ. ಹೆಂಡತಿ ಗುಳಿಗೆ ಎತ್ತಿಟ್ಟಳು ಎಂಬಲ್ಲಿ ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಸಲೈನ್ ಹಿರಿಯರು, "ಮ್ಯಾಡಮ್, ಒಂದು ಬಾಟಲಿ ಹಚ್ಚಿದ್ದರೆ ಮನೆಯವರಿಗೂ ಸಮಾಧಾನ ಇರುತ್ತಿತ್ತು" ಎಂದು ಮರಾಠಿಯಲ್ಲಿ ಉಪದೇಶಿಸಿದರು. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು ಹಂಚಿ, ಇನ್ನೂ ಯಾರೂ ಕೀಳದೆ ಉಳಿದಿದ್ದ ಥರ್ಮೋಕೋಲಿನ ಹೃದಯಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಸಹಿ ಹಾಕಿ ಮನೆಗೆ ಹೋಗಿದ್ದವರೂ ಫೋಟೋದಲ್ಲಿದ್ದಾರೆ. ಸಾಯುವವರನ್ನು ನೋಡಿಕೊಳ್ಳಲು ಅವರೆಲ್ಲ ಈಗ ಅರ್ಹರು.

ಸಾವಕಾರರು ತೀರಿಕೊಂಡದ್ದು ಅದಾದ ಸ್ವಲ್ಪ ದಿನಕ್ಕೆ, ಬೆಳಗಿನ ನಿದ್ದೆಯಲ್ಲಿ, ಮಲಗಿದ್ದಲ್ಲೇ. ನಾನು ಹೋಗುವಷ್ಟರಲ್ಲಿ ಕೂಡಿಸಿದ್ದರು. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ರೇಷ್ಮೆಯ ರುಮಾಲು ಸುತ್ತಿ, ತಲೆ ವಾಲದಂತೆ ಒಂದು ಪಟ್ಟಿಯನ್ನು ಗೋಡೆಯ ಮೊಳೆಗೆ ಕಟ್ಟಿದ್ದರು. ನೆಟ್ಟಗೆ ಕೂತಿದ್ದರು. ಗಂಟಿನ ಮೇಲೆ ಬೋರಲಾಗದೆ ಅವರು ಕೂತದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಪಕ್ಕದಲ್ಲಿ ಆಕೆ ಕೂತಿದ್ದಳು. ಟ್ರಂಕಿನ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು. ನನ್ನ ಕೈ ಹಿಡಿದುಕೊಂಡು, "ಮಲಗಿದ್ರಲ್ರೀ ಬಾಯಾರ, ನೀವೂ ನೋಡಿದ್ರಿ. ಚಂದ ಮಲಗಿದ್ರು" ಎಂದಳು. ಹೌದ್ರೀ, ನೋಡೀನಿ ಎಂದೆ.

ಹೊರಡುವಾಗ ಮಗ ಬಾಗಿಲ ತನಕ ಬಂದ. ಊರಿನಿಂದ ಬಂದ ಜನವೆಲ್ಲ ಚಪ್ಪಲಿ ಬಿಟ್ಟು ಅಲ್ಲಿ ದೊಡ್ಡ ರಾಶಿಯಾಗಿತ್ತು. ನನ್ನ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದಕ್ಕಾಗಿ ಕಾಲಿನಿಂದ ರಾಶಿ ಸರಿಸುತ್ತಿದ್ದೆ. ಅವನು ದನಿ ತಗ್ಗಿಸಿ ಕೇಳಿದ:

"ಮೇಡಂ, ಆ ಗುಳಿಗಿ ತಂದ ದಿನಾನ ಕೊಟ್ಟಿದ್ರ?"

ಒಳಗಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದೆ. ಆ ಜಾಗದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ.

"ಅವತ್ತಿಂದನ ಮಲಗತಿದ್ರು," ಎಂದೆ.

ಅವನು ಬಾಗಿಲನ್ನು ಅರ್ಧ ಮುಂದೆ ಮಾಡಿದ. ಆಮೇಲೆ, "ಅವ್ವಗ ಇದನ್ನ ಹೇಳಬ್ಯಾಡ್ರಿ ಮೇಡಂ," ಎಂದ.

ಮೊದಲ ಸಲ ಅವನ ಮೇಲೆ ನನಗೆ ತಿರಸ್ಕಾರ ಬರಲಿಲ್ಲ. ಇಲ್ಲಪ್ಪಾ, ಹೇಳೂದಿಲ್ಲ ಎಂದು ತಲೆ ಎತ್ತಿದೆ. ಬಾಗಿಲು ಅರ್ಧ ಮುಂದಾಗಿತ್ತು. ಉಳಿದ ಅರ್ಧದಲ್ಲಿ ಆಕೆ ಗಂಡನ ಪಕ್ಕದಿಂದ ನಮ್ಮನ್ನೇ ನೋಡುತ್ತಿದ್ದಳು. ನಾನು ಬೇಗ ಬೇಗ ಕಾಲಾಡಿಸಿದೆ. ಇನ್ನೊಂದು ಚಪ್ಪಲಿ ಇನ್ನೂ ಸಿಕ್ಕಿರಲಿಲ್ಲ.